ತಿರುವಿ ಹೊಲಿದ ಕೋಟು

ಭಾನುವಾರ, ನವೆಂಬರ್ ೧೧, ೧೯೪೫. ಬೆಳಿಗ್ಗೆ ಏಳೂವರೆ ಗಂಟೆಗೆ ಬರೆಯಲು ಕುಳಿತೆ.

ಈಚೆಗೆ ನಾನು ಬೀದಿಯಲ್ಲಿ ಎದುರಾದವರ ಮುಖ ನೋಡುವುದನ್ನು ಬಿಟ್ಟಿದ್ದೇನೆ, ಎದೆ ನೋಡುತ್ತೇನೆ. ಕೋಟು ತೊಟ್ಟ ಗೃಹಸ್ಥರು ಯಾರಾದರೂ ಬಂದರೆ, ಅವರ ಎದೆಯ ಮೇಲಿನ ಚಿಕ್ಕ ಕಿಸೆ ಎಡಕ್ಕಿದೆಯೋ ಬಲಕ್ಕಿದೆಯೋ ಎಂಬುದು ಖಚಿತವಾಗುವ ತನಕ ನನ್ನ ಕಣ್ಣು ಮೇಲಕ್ಕೇರುವುದಿಲ್ಲ. ಅಷ್ಟರಲ್ಲಿ ಅವರು ದಾಟಿ ಹೋಗಿರುತ್ತಾರೆ, ಪರಿಚಯದವರಾಗಿದ್ದರೆ ‘ಬ್ಯಾಂಕಿನ ನೌಕರಿ ಸಿಕ್ಕ ಮೇಲೆ ಹುಡುಗನಿಗೆ ಸೊಕ್ಕು ಬಂದಿದೆ’ ಎಂದುಕೊಂಡಿರುತ್ತಾರೆ. ಸೊಕ್ಕಲ್ಲ, ಓದುಗ ಮಹಾಶಯರೇ, ಹೆದರಿಕೆ. ನಿಮ್ಮ ಕಿಸೆ ಎಡಗಡೆ ಇದ್ದರೆ ನೀವು ನಿಶ್ಚಿಂತೆಯಿಂದ ಮುಂದಕ್ಕೆ ಓದಬಹುದು. ಬಲಗಡೆ ಇದ್ದರೆ ನೀವು ನನ್ನ ಬಂಧುಗಳು. ಸ್ವಲ್ಪ ಹತ್ತಿರ ಸರಿದು ಕುಳಿತುಕೊಳ್ಳಿ.

ನನಗೆ ದಿನಚರಿ ಬರೆಯುವ ಅಭ್ಯಾಸ. ಬಲಪುಟದಲ್ಲಿ ಆ ದಿನ ನಡೆದದ್ದು, ಎಡಪುಟದಲ್ಲಿ ಆ ದಿನ ಹೆದರಿದ್ದು. ತಿಂಗಳ ಕೊನೆಗೆ ಎರಡನ್ನೂ ಹೊಂದಿಸಿ ನೋಡುತ್ತೇನೆ. ಈವರೆಗಿನ ಹೊಂದಿಕೆಯ ಪ್ರಕಾರ ನಾನು ಹೆದರಿದ್ದು ನಡೆದಿಲ್ಲ, ನಡೆದದ್ದಕ್ಕೆ ಹೆದರಿರಲಿಲ್ಲ. ಇದರಿಂದ ಬೇರೆ ಯಾರಿಗಾದರೂ ಸಮಾಧಾನ ಸಿಗುತ್ತಿತ್ತು. ನನಗೆ ಸಿಕ್ಕದ್ದು ಇನ್ನೊಂದು ಹೆದರಿಕೆ: ಹೆದರಲೇಬೇಕಾದ ಯಾವುದೋ ಒಂದಕ್ಕೆ ಹೆದರಲು ಮರೆತಿದ್ದೇನೆ ಎಂಬುದು. ಗೋಳಗುಮ್ಮಟದೊಳಗೆ ಒಬ್ಬರು ಪಿಸುಗುಟ್ಟಿದರೆ ಏಳು ಸಲ ಮರಳಿ ಕೇಳುತ್ತದಲ್ಲ, ಈ ವಿಜಾಪುರದಲ್ಲಿ ಹುಟ್ಟಿದ ನನ್ನ ತಲೆಯೂ ಹಾಗೆಯೇ ಕಟ್ಟಲ್ಪಟ್ಟಿದೆ.

ಆದರೆ ಇಂದಿನ ಎಡಪುಟದಲ್ಲಿ ಇರುವುದು ಒಂದೇ ಸಾಲು. ನಾಳೆ ಬೆಳಿಗ್ಗೆ ಕಚೇರಿ ತೆರೆದ ಮೇಲೆ ನಾನು ನಮ್ಮ ಮ್ಯಾನೇಜರ್ ಸಾಹೇಬರ ಎದುರಿಗೆ ನಿಂತು, ಅವರ ಕೋಟಿನ ವಿಷಯದಲ್ಲಿ ಒಂದು ಮಾತು ಹೇಳಬೇಕು. ನನ್ನ ನೌಕರಿ ಇನ್ನೂ ಕಾಯಂ ಆಗಿಲ್ಲ; ಆ ಕಾಗದಕ್ಕೆ ಸಹಿ ಹಾಕುವವರು ಅವರೇ. ಆ ಮಾತು ಹೇಳಿದ ಮೇಲೆ ಹಾಕುತ್ತಾರೋ ಇಲ್ಲವೋ ತಿಳಿಯದು. ಹೇಳದೆ ಇರುವಂತೆಯೂ ಇಲ್ಲ, ಏಕೆಂದರೆ ಕೋಟು ಈಗ ಬಬಲೇಶ್ವರದ ಸಿಂಪಿಗನ ಅಂಗಡಿಯಲ್ಲಿ ತುಂಡುತುಂಡಾಗಿ ಬಿದ್ದಿದೆ, ಅದನ್ನು ಅಲ್ಲಿಗೆ ಒಯ್ದವನು ನಾನು.

ಇದೆಲ್ಲ ಶುರುವಾದದ್ದು ನನ್ನ ಸ್ವಂತ ಕೋಟಿನಿಂದ. ಮಳೆಗಾಲದ ಮೊದಲಲ್ಲಿ ಬ್ಯಾಂಕಿನಿಂದ ಸಂದರ್ಶನದ ಪತ್ರ ಬಂತು. ಬ್ಯಾಂಕಿನ ಹೆಸರು ಇಲ್ಲಿ ಬೇಡ. ಪತ್ರದ ಕೊನೆಯಲ್ಲಿ ‘ಉಮೇದುವಾರರು ಕೋಟು ಧರಿಸಿ ಹಾಜರಾಗತಕ್ಕದ್ದು’ ಎಂದಿತ್ತು. ಬರೆದವರಿಗೆ ಕೋಟಿನ ಬಟ್ಟೆ ಎಲ್ಲಿ ಸಿಗುತ್ತದೆಂಬುದು ಗೊತ್ತಿತ್ತೋ ಏನೋ. ಯುದ್ಧ ಹಿಡಿದಾಗಿನಿಂದ ನಮಗೆಲ್ಲ ಬಟ್ಟೆಯೆಂದರೆ ರೇಶನ್ ಕಾರ್ಡಿನ ಮೇಲೆ ಬರುವ ಒರಟು ಅರಿವೆ. ಅದರಲ್ಲಿ ಒಂದು ಅಂಗಿ, ಒಂದು ಪಾಟಲೋನು ಹೇಗೋ ಆದೀತು. ಉಣ್ಣೆಯ ಬಟ್ಟೆ ಕಾಳಸಂತೆಯಲ್ಲಿ ಮಾತ್ರ ಇತ್ತು. ನನ್ನಂಥವನು ಅಲ್ಲಿ ಬೆಲೆ ಕೇಳುವುದೂ ಧಾರ್ಷ್ಟ್ಯ.

ಆಗ ಅವ್ವನಿಗೆ ಟಿಕೋಟಾದಲ್ಲಿರುವ ತನ್ನ ಅಣ್ಣನ ನೆನಪಾಯಿತು. ಈ ನನ್ನ ಸೋದರಮಾವ ಹಿಂದೆ ಸೊಲ್ಲಾಪುರದ ಗಿರಣಿಯೊಂದರಲ್ಲಿ ಕಾರಕೂನನಾಗಿದ್ದಾಗ ಒಂದು ಪೂರ್ತಿ ಸೂಟು ಹೊಲಿಸಿಕೊಂಡಿದ್ದ. ಊರಿಗೆ ಮರಳಿದ ಮೇಲೆ ಅದು ಟ್ರಂಕು ಸೇರಿತ್ತು. ನಾನು ಹೋಗಿ ಕೇಳಿದಾಗ ಮಾವ ಟ್ರಂಕಿನ ಬಾಯಿ ತೆಗೆದು, ಬಹಳ ಹೊತ್ತು ಕೈಯಾಡಿಸಿ ಹೇಳಿದ:

“ಲೇ ತಮ್ಮಾ, ಪಾಟಲೋನು ಇಲಿ ತಿಂದಾವು. ಕೋಟು ನಿನಗಂತ ಇಟ್ಟಾವು. ಭಾಳ ಸಮಜೂತಿ ಇಲಿ.”

ಅಳಿಯನ ಮೇಲೆ ಇಲಿಗಳಿಗಿದ್ದ ಆ ಅಂತಃಕರಣದ ಫಲವನ್ನು ನಾನು ತೊಟ್ಟು ನೋಡಿದೆ. ಹೊರಗೆ ಭುಜದ ಮೇಲೆಲ್ಲ ಬಣ್ಣ ಹೋಗಿ ಬೂದಿಯಂತಾಗಿತ್ತು, ಕೊರಳಪಟ್ಟಿಗೆ ಎಣ್ಣೆಯ ಜಿಡ್ಡು ಹತ್ತಿತ್ತು. ಆದರೆ ಅಸ್ತರದ ಒಂದು ಮೂಲೆ ಎತ್ತಿ ನೋಡಿದರೆ ಒಳಮೈ ನೇರಳೆ ಹಣ್ಣಿನಂಥ ಗಾಢ ನೀಲಿ, ನಿನ್ನೆ ಮಗ್ಗದಿಂದ ಇಳಿದಂತೆ. ಇಂಥ ಕೋಟನ್ನು ಪೂರ್ತಿ ಬಿಚ್ಚಿ, ಒಳಮೈಯನ್ನು ಹೊರಗೆ ಮಾಡಿ ಮತ್ತೆ ಹೊಲಿಯುವುದು ಈ ಬಟ್ಟೆಯ ಬರಗಾಲದಲ್ಲಿ ನಮ್ಮ ಕಡೆ ರೂಢಿಯಾಗಿದೆ. ಕೋಟು ತಿರುವುವುದು ಎನ್ನುತ್ತಾರೆ. ಮಾತು ಸರಳ, ಕೃತ್ಯ ಘೋರ. ಬಿಚ್ಚಿದ ಕ್ಷಣದಿಂದ ಮತ್ತೆ ಹೊಲಿಯುವ ತನಕ ಅದು ಕೋಟಲ್ಲ, ಬರಿಯ ತುಂಡು. ಆ ನಡುವೆ ಸಿಂಪಿಗನಿಗೆ ಜ್ವರ ಬಂದರೆ? ಊರು ಬಿಟ್ಟರೆ? ತೋಳಿನದು ಬೆನ್ನಿಗೆ, ಬೆನ್ನಿನದು ತೋಳಿಗೆ ಸೇರಿಸಿದರೆ? ಒಂದೇ ಒಂದು ಕೋಟು, ಒಂದೇ ಒಂದು ನೌಕರಿ. ಹೀಗಾಗಿ ನಾನು ಸಿಂಪಿಗನನ್ನು ಹುಡುಕಲು ಹೊರಟದ್ದು, ಜನ ಮಗಳಿಗೆ ವರ ಹುಡುಕುವ ರೀತಿಯಲ್ಲಿ: ಎಲ್ಲರನ್ನೂ ಸಂಶಯಿಸುತ್ತ, ಯಾರಿಗೂ ಅದನ್ನು ತೋರಗೊಡದೆ.

ಗೋಳಗುಮ್ಮಟದ ಹಾದಿಯಲ್ಲಿ ದೊಡ್ಡದೊಂದು ಅಂಗಡಿಯಿದೆ. ಗಾಜಿನ ಕಪಾಟು, ಬಾಗಿಲಲ್ಲಿ ತಲೆಯಿಲ್ಲದ ಮರದ ಗೊಂಬೆಗೆ ತೊಡಿಸಿದ ಸೂಟು. ಒಳಗೆ ಹೋದವರ ತಲೆಗೆ ಏನಾಗುತ್ತದೆಂಬುದಕ್ಕೆ ಅದು ಸೂಚನೆಯಾಗಿರಬಹುದೆಂದು ನನಗೆ ಆಗಲೇ ಅನಿಸಿತ್ತು. ಅಂಗಡಿಯ ಯಜಮಾನರು ಮಾವನ ಕೋಟನ್ನು ಎರಡು ಬೆರಳಿನಿಂದ ಎತ್ತಿ, ಸತ್ತ ಇಲಿಯನ್ನು ಹಿಡಿದಂತೆ ಹಿಡಿದು, “ಹಳೇದಕ್ಕ ನಾವು ಕತ್ತರಿ ಹಚ್ಚೂದಿಲ್ರಿ. ಹೊಸಾ ಬಟ್ಟಿ ತರ್ರಿ, ಸೂಟು ಹೊಲದು ಕೊಡ್ತೀವಿ, ಆಮ್ಯಾಲ ನಿಮ್ಮನ್ನ ನಿಮ್ಮವ್ವನಽ ಗುರ್ತು ಹಿಡಿಬಾರದು” ಎಂದರು. ಅವರ ಕೂಲಿ ಕೇಳಿದ ಮೇಲೆ ಅವ್ವ ನನ್ನನ್ನು ಗುರುತು ಹಿಡಿಯದಿರುವುದೇ ವಾಸಿ ಎನಿಸಿತು. ಸುಮ್ಮನೆ ಏಳಲು ನಾಚಿಕೆಯಾಗಿ, ಎಂದಾದರೂ ಬಟ್ಟೆ ಕೆಡಿಸಿದ್ದುಂಟೇ ಎಂದು ಕೇಳಿದೆ. “ಈ ಕೈ ಹುಟ್ಟಿದಾಗಿಂದ ಇಲ್ರಿ” ಎಂದು ಅಂಗೈ ತೋರಿಸಿದರು. ನಾನು ಕೋಟನ್ನು ಮರಳಿ ಗಂಟು ಕಟ್ಟಿದೆ. ಇಷ್ಟು ವರ್ಷ ತಪ್ಪೇ ಆಗದವರ ಮೊದಲ ತಪ್ಪು ಎಲ್ಲಿಯೋ ಕಾಯುತ್ತ ಕುಳಿತಿರಲೇಬೇಕು. ಅದು ನನಗಾಗಿ ಅಲ್ಲವೆಂದು ಹೇಗೆ ನಂಬಲಿ?

ಟಿಕೋಟಾದಲ್ಲಿ ಮಾವನ ಮನೆಯ ಎದುರಿಗೇ ಒಬ್ಬ ಸಿಂಪಿಗ ಮುದುಕನಿದ್ದಾನೆ. ನೇರವಾಗಿ ಕೋಟು ಕೊಡುವ ಧೈರ್ಯವಾಗದೆ, ರೇಶನ್ನಿನ ಅರಿವೆ ಕೊಟ್ಟು ಮೊದಲು ಒಂದು ಅಂಗಿ ಹೊಲಿಸಿ ಪರೀಕ್ಷಿಸೋಣ ಎಂದುಕೊಂಡೆ. ಅವನಲ್ಲಿ ಟೇಪಿಲ್ಲ. ನನ್ನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ, “ಆತು, ಹೋಗು” ಎಂದ. ಅಳತೆ? “ನೋಡಿದ್ನಲ್ಲಾ. ಬೆಳಿಯೂ ಹುಡುಗ, ಒಂಚೂರು ಸಡ್ಲ ಇಡ್ತೀನಿ.”

“ನನಗ ಇಪ್ಪತ್ಮೂರು ವರ್ಷರೀ ಅಜ್ಜಾ.”

“ಹಂಗಾರ ಅಗಲಕ್ಕ ಬೆಳೀತಿ.”

ಅವನ ಧರ್ಮವೇ ಅದು. ಸಿಕ್ಕ ಬಟ್ಟೆಯನ್ನು ಕತ್ತರಿಸಿ ಚೂರು ಮಾಡುವುದು ಅವನಿಗೆ ಪಾಪ. ಹೆಚ್ಚಾದದ್ದನ್ನೆಲ್ಲ ಒಳಮಡಿಕೆಯಲ್ಲಿ ಇಟ್ಟು ಹೊಲಿಯುತ್ತಾನೆ. ಟಿಕೋಟಾದ ಜನ ಹಾಗೆ ಅಂಗಿಯೊಳಗೆ ಇನ್ನೊಂದು ಅಂಗಿ ಇಟ್ಟುಕೊಂಡೇ ತಿರುಗುತ್ತಾರೆ. ಆ ಹೊಸ ಅಂಗಿ ತೊಟ್ಟು ಮೋಟಾರು ಹತ್ತಿ ಊರಿಗೆ ಬರುವಾಗ ಗಾಳಿ ಒಂದು ತೋಳಿನಿಂದ ಹೊಕ್ಕು ಇನ್ನೊಂದು ತೋಳಿನಿಂದ ಹೊರಟಿತು. ಪೆಟ್ರೋಲು ಸಿಗದ ಈ ಕಾಲದಲ್ಲಿ ಇದ್ದಿಲಿನ ಹೊಗೆಯಿಂದ ಓಡುವ ಆ ಮೋಟಾರು ದಿಬ್ಬದಲ್ಲಿ ಏದುಸಿರು ಬಿಟ್ಟು ನಿಂತಾಗ, ಅದಕ್ಕಿಂತ ಮೊದಲು ನಾನೇ ಹಾರಿ ಊರು ಮುಟ್ಟಬಹುದೆನಿಸಿತು. ಅವ್ವ ನೋಡಿದವಳೇ, “ಯಪ್ಪಾ, ಇದರಾಗ ನಿನ್ನ ಜೋಡಿ ನಾನೂ ಹಿಡಿತೀನಿ. ಇಬ್ಬರೂ ಕೂಡೇ ಹೋಗೂಣು ನೌಕರಿ ಕೇಳಾಕ” ಎಂದಳು.

ಬಬಲೇಶ್ವರದ ಮಲ್ಲೇಶಪ್ಪ ಸಿಂಪಿಗನ ಹೆಸರು ಹೇಳಿದವರು ನಮ್ಮ ಓಣಿಯ ಸಾಲಿ ಮಾಸ್ತರರು. ಅಲ್ಲಿಗೆ ಹೋದ ದಿನ ಅಂಗಡಿಯ ಮೆಟ್ಟಿಲ ಮೇಲಿನಿಂದಲೇ ಮರಳುವುದರಲ್ಲಿದ್ದೆ. ಸಿಂಪಿಗನನ್ನು ಅವನು ತೊಟ್ಟ ಬಟ್ಟೆಯಿಂದ ಅಳೆಯಬೇಕೆಂದು ನಾನು ನಿಯಮ ಮಾಡಿಕೊಂಡಿದ್ದೆ. ಮಷಿನ್ನಿನ ಹಿಂದೆ ಕುಳಿತಿದ್ದ ಆ ಮನುಷ್ಯನ ಕೋಟಿನ ಒಂದು ತೋಳು ಮಣಿಕಟ್ಟಿಗೆ, ಇನ್ನೊಂದು ಬೆರಳ ತುದಿಗೆ ಬಂದಿತ್ತು. ನನ್ನ ಕಣ್ಣು ಎಲ್ಲಿದೆಯೆಂದು ಅವನಿಗೆ ಗೊತ್ತಾಯಿತು.

“ಬರ್ರಿ, ಕುಂಡರ್ರಿ. ಇದು ಕನಮಡಿ ಗೌಡ್ರ ಕೋಟು ರಿ. ತೋಳು ಕೆಡಿಸಿದ್ನಿ. ಅವರಿಗೆ ಬ್ಯಾರೆ ಬಟ್ಟಿ ತಂದು ಹೊಲದು ಕೊಟ್ನಿ, ಇದನ್ನ ನಾನಽ ಹಾಕ್ಕೊಂಡೇನಿ. ಆಕಿ ಮೈಮ್ಯಾಲಿಂದು ನೋಡ್ರಿ, ಅದು ಮಾಸ್ತರ ಮಗಳ ಕುಬಸ.”

ಬಾಗಿಲಲ್ಲಿ ಕುಳಿತು ಗುಂಡಿ ಹಚ್ಚುತ್ತಿದ್ದ ಅವನ ಹೆಂಡತಿ ತಲೆಯೆತ್ತದೆಯೇ ಹೇಳಿದಳು: “ಮೊದಲ ವರ್ಷಕ್ಕ ನಾಕು ಹೊಸಾ ಕುಬಸ ಬರತಿದ್ವು ರಿ ನನಗ. ಇವರ ಕೈ ನೆಟ್ಟಗಾದಾಗಿಂದ ಒಂದೂ ಕಾಣವಲ್ದು.”

ನಾನು ಕುಳಿತೆ. ಕುಳಿತದ್ದು ನಂಬಿಕೆಯಿಂದಲ್ಲ, ಈ ಮನುಷ್ಯ ಕೆಡಿಸಿದರೆ ಏನಾಗುತ್ತದೆಂಬುದು ಕಣ್ಣಿಗೆ ಕಾಣುತ್ತಿತ್ತು. ಗುಮ್ಮಟದ ಹಾದಿಯ ಅಂಗಡಿಯಲ್ಲಿ ಕೆಟ್ಟದ್ದು ಎಲ್ಲಿಗೆ ಹೋಗುತ್ತದೆಂದು ನನಗೆ ತಿಳಿದಿರಲಿಲ್ಲ. ಹೆದರುವವನಿಗೆ ಕತ್ತಲೆಗಿಂತ ಕಂಡ ಹಳ್ಳ ಮೇಲು.

ಮಲ್ಲೇಶಪ್ಪ ಕೋಟನ್ನು ತಿರುಗಿಸಿ ಮುರುಗಿಸಿ ನೋಡಿ, ಬಿಚ್ಚುವ ಮೊದಲೇ ಹೇಳಿದ: ತಿರುವಿದಾಗ ಎಡದ ಪಕ್ಕ ಬಲಕ್ಕೆ ಬರುತ್ತದೆ. ಅದರ ಸಂಗಡ ಎಡಗಡೆಯ ಗುಂಡಿಯ ತೂತುಗಳೂ ಎದೆಯ ಕಿಸೆಯೂ ಬಲಕ್ಕೆ ಬರುತ್ತವೆ. ತೂತುಗಳನ್ನು ಹೊಲಿದು ಮುಚ್ಚಿ ಅವುಗಳ ಮೇಲೆಯೇ ಗುಂಡಿ ಕೂರಿಸಿದರೆ ಯಾರಿಗೂ ಕಾಣದು. ಕಿಸೆಯನ್ನು ಮಾತ್ರ ಏನೂ ಮಾಡಲಾಗದು. “ರಫೂ ಮಾಡಿ ಮುಚ್ಚೂ ಕಲಾ ನನಗ ಬರೂದಿಲ್ರಿ. ಮುಚ್ಚಾಕ ಹೋದ್ರ ಎದಿ ಮ್ಯಾಲ ಗಾಯದ ಕಲಿ ಆಗ್ತದ. ಕಿಸೆ ಬಲಕ್ಕಽ ಇರಲಿ.” ಎಂದರೆ ಕಣ್ಣಿದ್ದವರಿಗೆಲ್ಲ ಇದು ತಿರುವಿದ ಕೋಟೆಂದು ತಿಳಿಯುತ್ತದೆ. ನಾನು ಒಪ್ಪಿದೆ. ಆ ದಿನದ ಎಡಪುಟ ಸಾಲದೆ ಅಂಚಿನಲ್ಲಿಯೂ ಬರೆದಿದ್ದೇನೆ.

ಸಂದರ್ಶನದ ದಿನ ನನ್ನ ಪ್ರಮಾಣಪತ್ರಗಳ ಕಟ್ಟನ್ನು ಬಲ ಎದೆಗೆ ಅವಚಿಕೊಂಡು ಒಳಗೆ ಹೋದೆ. ಮೇಜಿನ ಆಚೆ ಮೂವರು. ನಡುವೆ ಕಾಫಿಬಣ್ಣದ ಕೋಟು ತೊಟ್ಟ ಮ್ಯಾನೇಜರ್ ಸಾಹೇಬರು. ಅವರು ಕನ್ನಡಕದ ಮೇಲಿನಿಂದ ನೋಡಿ, “ಆ ಕಟ್ಟು ಕೆಳಗ ಇಡ್ರಿ. ಯಾರೂ ಕಸಗೊಳ್ಳೂದಿಲ್ಲ” ಎಂದರು. ಇಟ್ಟೆ. ಮೂವರ ಕಣ್ಣೂ ಒಂದೇ ಕಡೆಗೆ ಬಂದು ನಿಂತವು.

“ನೀವು ಎಡಚರೇನ್ರಿ?”

ಹೌದೆಂದುಬಿಟ್ಟರೆ ಕೋಟಿನ ಮರ್ಯಾದೆ ಉಳಿಯುತ್ತಿತ್ತು. ಆದರೆ ಗುಮಾಸ್ತನ ಕೆಲಸಕ್ಕೆ ಬಂದವನ ಕೈಬರಹ ನೋಡದೆ ಬಿಡುತ್ತಾರೆಯೇ? ಎಡಗೈಯಲ್ಲಿ ನನಗೆ ಓಂ ಬರೆಯಲೂ ಬಾರದು. ನಿಜ ನನ್ನ ಬಾಯಿಂದ ಹೊರಟದ್ದು ಪ್ರಾಮಾಣಿಕತೆಯಿಂದಲ್ಲ, ಇನ್ನೂ ದೊಡ್ಡ ಹೆದರಿಕೆಯಿಂದ. “ಅಲ್ರಿ... ಕೋಟು ತಿರುವಿಸೇನ್ರಿ.” ಆಚೀಚೆ ಕುಳಿತ ಇಬ್ಬರೂ ಒಮ್ಮೆಲೇ ತಮ್ಮ ಎದೆ ನೋಡಿಕೊಂಡರು. ಮ್ಯಾನೇಜರರು ನಗಲಿಲ್ಲ. ಎಲ್ಲಿ ಹೊಲಿಸಿದಿರಿ, ಯಾರು ಹೊಲಿದದ್ದು ಎಂದರು. ಅನಂತರ ಬಡ್ಡಿಯ ಲೆಕ್ಕವೊಂದನ್ನು ಕೇಳಿದರು. ಕೆಲಸ ಮುಗಿದು ನಾನು ಬಾಗಿಲು ದಾಟುತ್ತಿರುವಾಗ ಮತ್ತೆ ಕರೆದರು. ಲೆಕ್ಕ ತಪ್ಪಿತೆಂದೇ ತಿಳಿದು ಹಿಂದಿರುಗಿದೆ.

“ಆ ಸಿಂಪಿಗನ ಹೆಸರು ಏನಂದ್ರಿ?”

ಹೀಗೆ ನನಗೆ ನೌಕರಿ ಸಿಕ್ಕಿತು. ಅದು ಲೆಕ್ಕದ ಫಲವೋ ಮಲ್ಲೇಶಪ್ಪನ ಹೆಸರಿನ ಫಲವೋ ಈಗಲೂ ನಿರ್ಧರಿಸಲಾರೆ. ದಸರೆ ಮುಗಿದ ಮೇಲೆ ಒಂದು ಸಂಜೆ, ಉಳಿದವರೆಲ್ಲ ಹೋದ ನಂತರ, ಸಾಹೇಬರು ಒಂದು ಗಂಟನ್ನು ನನ್ನ ಕೈಗಿಟ್ಟರು. ಅವರ ಕಾಫಿಬಣ್ಣದ ಕೋಟು. ಭುಜವೂ ಮೊಳಕೈಯೂ ನಸುಬಣ್ಣಕ್ಕೆ ತಿರುಗಿದ್ದವು. “ನಿಮ್ಮ ಸಿಂಪಿಗಗ ಕೊಡ್ರಿ, ತಿರುವಿ ಹೊಲೀಲಿ. ಕಿಸೆ ಬಲಕ್ಕ ಬಂದ್ರ ಬರಲಿ. ನಾಕು ಮಂದಿಗಿ ಹೇಳಬ್ಯಾಡ್ರಿ.” ಮೇಲಿನವರ ಈ ವಿಶ್ವಾಸದಿಂದ ಬೇರೊಬ್ಬ ಗುಮಾಸ್ತನ ಎದೆ ಉಬ್ಬುತ್ತಿತ್ತು. ನಾನು ಬಬಲೇಶ್ವರದವರೆಗೂ ಆ ಗಂಟನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಇದ್ದಿಲಿನ ಕಿಡಿ ಹಾರೀತೆಂದು ಅದರ ಮೇಲೆ ನನ್ನ ಟೋಪಿ ಮುಚ್ಚಿದ್ದೆ.

ದೀಪಾವಳಿಯ ಹೊಲಿಗೆಯ ಗದ್ದಲ ಮುಗಿದ ಮೇಲೆ ಮಲ್ಲೇಶಪ್ಪ ಅದಕ್ಕೆ ಕೈಹಾಕಿದ. ನಿನ್ನೆ ಶನಿವಾರ, ಅರ್ಧ ದಿನದ ಕಚೇರಿ ಮುಗಿಸಿ, ಸಿದ್ಧವಾಗಿರಬಹುದೆಂದು ಹೋದೆ. ಕೋಟು ಚಾಪೆಯ ಮೇಲೆ ತುಂಡುತುಂಡಾಗಿ ಹರಡಿತ್ತು. ಗಂಡಹೆಂಡತಿ ಇಬ್ಬರೂ ಸುಮ್ಮನಿದ್ದರು. ಆ ಹೆಂಗಸು ಸುಮ್ಮನಿದ್ದಾಳೆಂದರೆ ಏನೋ ಆಗಿರಬೇಕೆಂದು ತಿಳಿದೆ. ಮಲ್ಲೇಶಪ್ಪ ಒಂದು ತುಂಡೆತ್ತಿ ನನ್ನ ಎದುರಿಗೆ ಹಿಡಿದ. ಗುಂಡಿ ಕಿತ್ತ ಜಾಗದಲ್ಲಿ, ಗುಂಡಿಯ ಕೆಳಗೆ, ಒಂದು ಹಳೆಯ ತೂತು, ಮುಚ್ಚಿ ಹೊಲಿದದ್ದು. ಅದರ ಕೆಳಗಿನ ಗುಂಡಿಯ ಜಾಗದಲ್ಲಿ ಇನ್ನೊಂದು. ಅದರ ಕೆಳಗೆ ಮತ್ತೊಂದು. ಮುಚ್ಚಿದ ಕಣ್ಣುಗಳ ಸಾಲು.

“ಗುರ್ತು ಸಿಕ್ತೇನ್ರಿ? ನಿಮ್ಮ ಕೋಟಿನ್ಯಾಗ ನಾ ಮಾಡಿದ್ದು ಇದಽ. ಇದನ್ನ ಯಾರೋ ಮೊದಲಽ ತಿರುವ್ಯಾರ. ಇಲ್ಲಿ ನೋಡ್ರಿ, ಕೊರಳಪಟ್ಟಿ ಮಡಿಕಿ ಬುಡಕ ಹಳೀ ಕಿಸೆ ರಫೂ ಮಾಡಿ, ಎಡಕ್ಕ ಹೊಸಾ ಕಿಸೆ ಕೊರದಾರ. ಭಾರೀ ಕೈ ಬಿಡ್ರಿ.”

ಒಳಮೈ ಹೊರಮೈಗಿಂತ ಹೆಚ್ಚು ಸವೆದಿತ್ತು. ಬೆನ್ನಿನಲ್ಲಿ ಅಂಗೈಯಗಲದ ಹಳೆಯ ಮಸಿಯ ಕಲೆ. ಏನಾದರೂ ಮಾಡಲಾಗದೇ ಎಂದು ಕೇಳಿದೆ.

“ಕೋಟಿಗೆ ಇರೂವು ಎರಡಽ ಮೈ ರಿ. ಮೂರನೇದು ನಾ ಎಲ್ಲಿಂದ ತರ್ಲಿ?”

ಈಗ ಹೇಳಿ, ನಾನು ನಾಳೆ ಏನೆನ್ನಲಿ? ಸಾಹೇಬರಿಗೆ ಇದು ಗೊತ್ತಿಲ್ಲದಿದ್ದರೆ, ಸಿಂಪಿಗ ಒಳ್ಳೆಯ ಬಟ್ಟೆ ನುಂಗಿ ಹಳೆಯದನ್ನು ತೋರಿಸುತ್ತಿದ್ದಾನೆ, ಅದರಲ್ಲಿ ನನ್ನ ಪಾಲೂ ಇದೆ ಎಂದು ತಿಳಿಯುತ್ತಾರೆ. ಗೊತ್ತಿದ್ದರೆ ಇನ್ನೂ ಕಷ್ಟ. ತಮ್ಮ ಗುಂಡಿಯ ಕೆಳಗಿನ ತೂತನ್ನು ನೋಡಿದ ಗುಮಾಸ್ತನನ್ನು ಯಾವ ಮ್ಯಾನೇಜರ್ ತಾನೇ ಕಣ್ಣೆದುರು ಕಾಯಂ ಮಾಡಿ ಕೂರಿಸಿಕೊಂಡಾನು? ಸಿಂಪಿಗನಿಗೆ ಮೈ ನೆಟ್ಟಗಿಲ್ಲ ಎನ್ನಬಹುದು. ಮೋಟಾರು ಕೆಟ್ಟಿತ್ತು ಎನ್ನಬಹುದು. ಎಷ್ಟು ದಿನ? ಅವ್ವ ರೊಟ್ಟಿ ಬಡಿಯುತ್ತ ಎಲ್ಲವನ್ನೂ ಕೇಳಿ, “ಬಟ್ಟಿ ಮಾತು ಬಟ್ಟಿ ಮಾತಿನಂಗ ಹೇಳು. ನೀ ಹಿಂಗ ನಡುಗಿ ಹೇಳಿದ್ರ ಕಳವು ಮಾಡಿದವನಂಗಽ ಕಾಣ್ತಿ” ಎಂದಳು. ನಡುಗದೆ ಹೇಳುವುದು ಹೇಗೆಂದು ಮಾತ್ರ ತಿಳಿಸಲಿಲ್ಲ. ಬಾಗಿಲ ಹಿಂದೆ ನಿಂತು ಆ ವಾಕ್ಯವನ್ನು ಬೆಳಗಿನಿಂದ ಅಭ್ಯಾಸ ಮಾಡುತ್ತಿದ್ದೇನೆ. ಇಲ್ಲಿಗೆ ಲೇಖನಿ ಇಡುತ್ತೇನೆ.

ಸೋಮವಾರ, ನವೆಂಬರ್ ೧೨. ಸಂಜೆ ಆರು ಗಂಟೆ.

ಅಭ್ಯಾಸ ಮಾಡಿದ ವಾಕ್ಯ ಉಪಯೋಗಕ್ಕೆ ಬರಲಿಲ್ಲ. ಸಾಹೇಬರು ನಾನು ಬರಿಗೈಯಲ್ಲಿ ಒಳಗೆ ಬಂದದ್ದನ್ನು ನೋಡಿದರು.

“ಕೋಟು?”

“ಸಾಹೇಬ್ರ, ಅದು... ಮೊದಲಽ ತಿರುವಿದ್ದು ಐತ್ರಿ.”

ಗುಂಡಿಯ ಕೆಳಗಿನ ತೂತು, ರಫೂ ಮಾಡಿದ ಕಿಸೆ, ಮಸಿಯ ಕಲೆ, ಎಲ್ಲವೂ ಒಂದರ ಮೇಲೊಂದು ಬಿದ್ದು ಹೊರಬಂದವು. ಸಾಹೇಬರು ಎದ್ದು ಹೋಗಿ ಕೋಣೆಯ ಬಾಗಿಲು ಮುಂದೆ ಮಾಡಿದರು. ಆಯಿತು, ಮುಗಿಯಿತು ಎಂದುಕೊಂಡೆ. ಅವರು ಮತ್ತೆ ಬಂದು ಕುಳಿತು, ಮೇಜಿನ ಮೇಲಿನ ಗಾಜಿನ ಗುಂಡನ್ನು ಬಹಳ ಹೊತ್ತು ಹೊರಳಿಸಿದರು.

“ನಮ್ಮ ಮಾವ ಲಗ್ನದಾಗ ಕೊಟ್ಟಿದ್ದು ರಿ ಅದು. ಪುಣೇದಾಗ ಹೊಸಾದು ಹೊಲಸೇನಿ ಅಂದಿದ್ರು. ವರದಕ್ಷಿಣಿ ಬ್ಯಾಡ, ಒಂದು ಕೋಟು ಸಾಕು ಅಂತ ನಾನಽ ಅಂದಿದ್ನಿ. ಭಾಳ ದೊಡ್ಡ ಮನಸಿನವ ಅನ್ನಿಸಿಕೊಂಡಿದ್ನಿ.”

ಅವರ ಭುಜ ಕುಲುಕತೊಡಗಿತು. ಸಿಟ್ಟೆಂದು ನಾನು ಒಂದು ಹೆಜ್ಜೆ ಹಿಂದೆ ಸರಿದೆ, ಅವರು ನಗುತ್ತಿದ್ದರು. ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಾನೂ ನಗಬೇಕೋ ಬೇಡವೋ ತಿಳಿಯದೆ ಮುಖವನ್ನು ನಡುವೆಯೇ ನಿಲ್ಲಿಸಿಕೊಂಡೆ. ಆಮೇಲೆ ಒಮ್ಮೆಲೇ ಅವರ ನಗೆ ನಿಂತಿತು. ಆಗ ಅವರ ಮುಖದ ಮೇಲೆ ಬಂದದ್ದನ್ನು ನಾನು ಚೆನ್ನಾಗಿ ಬಲ್ಲೆ, ಕನ್ನಡಿಯಲ್ಲಿ ದಿನಾಲೂ ನೋಡುವಂಥದು.

“ಮನ್ಯಾಗ ಗೊತ್ತಾಗಬಾರದು ರಿ. ಇಸ್ತ್ರಿಗಿ ಕೊಟ್ಟೇನಿ ಅಂತ ಹೇಳೇನಿ. ‘ನಮ್ಮಪ್ಪ ಕೊಟ್ಟ ಕೋಟು ಹಾಕ್ಕೊಂಡಽ ಮ್ಯಾನೇಜರ ಆದ್ರಿ’ ಅಂತ ಆಕಿ ಮಂದಿ ಮುಂದ ಹೇಳ್ತಾಳ. ವಾರಕ್ಕೊಮ್ಮೆ ತಾನಽ ಬ್ರಶ್ ಹೊಡೀತಾಳ, ಯಾರಿಗೂ ಮುಟ್ಟಗೊಡೂದಿಲ್ಲ. ಮಾವ ತೀರಿಕೊಂಡು ಎರಡು ವರ್ಷ ಆತು. ಈಗ ಇದನ್ನ ಆಕಿಗಿ ಹೆಂಗ ಹೇಳ್ಲಿ?”

ಆ ಹಿರಿಯರು ಮಗಳ ಮದುವೆಯ ದಿನ, ಅಳಿಯನು ಗುಂಡಿ ಹಾಕಿಕೊಳ್ಳುವುದನ್ನು ಉಸಿರು ಬಿಗಿಹಿಡಿದು ನೋಡಿರಬಹುದು ಎಂದು ನಾನು ಯೋಚಿಸುತ್ತಿದ್ದೆ. ಅವರಿಗೂ ಪುಣೆಯಲ್ಲಿ ಯಾವನೋ ಸಿಂಪಿಗನನ್ನು ಹುಡುಕಬೇಕಾಗಿ ಬಂದಿರಬೇಕು. ಕಡಿಮೆ ದುಡ್ಡಿಗೆ, ಒಳ್ಳೆಯ ಕೈಯವನನ್ನು, ಬಾಯಿ ಬಿಗಿ ಇದ್ದವನನ್ನು. ಒಂದೇ ಬಟ್ಟೆಯೊಳಗೆ ಮಾವ ಹೆದರಿದ್ದರು, ಈಗ ಅಳಿಯ ಹೆದರುತ್ತಿದ್ದರು, ನಡುವೆ ನಾನು ಹೆದರಿ ನಿಂತಿದ್ದೆ. ಹೆದರಿಕೆ ನನ್ನೊಬ್ಬನ ಸೊತ್ತೆಂದು ಇಷ್ಟು ದಿನ ಎಡಪುಟ ತುಂಬಿಸಿದ್ದೇನೆ. ಮೇಜಿನ ಆಚೆಯಲ್ಲಿಯೂ ಒಂದು ಎಡಪುಟ ಇರಬಹುದೆಂದು ಹೊಳೆದಿರಲಿಲ್ಲ.

“ಹೆಂಗ ಇತ್ತೋ ಹಂಗಽ ಜೋಡಿಸಿ ಹೊಲೀಲಿ. ಬಣ್ಣ ಹೋದ ಮೈನಽ ಹೊರಗಿರಲಿ. ಸಂಕ್ರಮಣ ಆದ ಮ್ಯಾಲ ಆಕಿ ತಮ್ಮನ ಲಗ್ನ ಐತಿ, ಅದಕ್ಕ ಹಾಕ್ಕೊಂಡು ಹೋಗಬೇಕು” ಎಂದರು. ನಾನು ಬಾಗಿಲು ತೆರೆಯುವಾಗ ಹಿಂದಿನಿಂದ ಧ್ವನಿ ಬಂತು: “ನಿಮ್ಮ ಕಾಯಂ ಕಾಗದ ತಯಾರ ಐತ್ರಿ. ಮೊದಲ ಕೋಟು ಬರಲಿ.” ನಗೆಯಲ್ಲಿ ಹೇಳಿದರೋ ನಿಜವಾಗಿ ಹೇಳಿದರೋ ತಿರುಗಿ ನೋಡಿದ್ದರೆ ತಿಳಿಯುತ್ತಿತ್ತು. ನೋಡಲಿಲ್ಲ.

ಭಾನುವಾರ, ನವೆಂಬರ್ ೧೮. ಬೆಳಿಗ್ಗೆ.

ನಿನ್ನೆ ಬಬಲೇಶ್ವರಕ್ಕೆ ಹೋಗಿ ಬಂದೆ. ಮೊದಲಿದ್ದಂತೆ ಜೋಡಿಸಬೇಕೆಂಬ ಮಾತು ಕೇಳಿ ಮಲ್ಲೇಶಪ್ಪ ಏನೂ ಪ್ರಶ್ನೆ ಕೇಳಲಿಲ್ಲ. ಅವನ ಹೆಂಡತಿ ಕೇಳಿದಳು, ನಾನು ಹೇಳಿದೆ, ಅವಳು ಸೂಜಿ ಕೆಳಗಿಟ್ಟು, “ಗಂಡಸೂರು ಏನ ಮುಚ್ಚಿಟ್ರೂ ದಾರ ಹೇಳಿಬಿಡ್ತದ ರಿ. ಸಾಹೇಬ್ರ ಮನಿ ಆಯೀಯವರು ಬ್ರಶ್ ಹೊಡಿಯೂ ಮೊದಲನೇ ವಾರದಾಗಽ ಹಿಡಿತಾರ” ಎಂದಳು. ಅವಳ ಮಾತು ನಿಜ. ಒಳಗಿನ ಹೊಲಿಗೆ ಯಾವ ದಾರದಲ್ಲಿದ್ದರೂ ನಡೆದೀತು. ಅಂಚಿನ ಹೊಲಿಗೆ ಮತ್ತು ಗುಂಡಿಯ ತೂತಿನ ಸುತ್ತಿನ ಹೊಲಿಗೆ ಹೊರಗೆ ಕಾಣುತ್ತವೆ. ಅವುಗಳಿಗೆ ಹಾಕಿದ್ದು ಕಾಫಿಬಣ್ಣದ ರೇಶ್ಮೆಯ ದಾರ. ಬಿಚ್ಚುವಾಗ ಅದು ಚೂರುಚೂರಾಗಿದೆ. ಯುದ್ಧ ಶುರುವಾದಾಗಿನಿಂದ ಆ ಬಣ್ಣ ಬಂದಿಲ್ಲ. ಈಗ ಸಿಗುವುದು ಕರಿಯದು, ಬಿಳಿಯದು, ಮತ್ತು ಕಬ್ಬಿಣದ ತುಕ್ಕಿನಂಥ ಒಂದು ಕೆಂಪು. ಮಲ್ಲೇಶಪ್ಪ ಆ ಕೆಂಪನ್ನು ಒಂದು ತೂತಿಗೆ ಹಾಕಿ ತೋರಿಸಿದ. ಎದೆಯ ಮೇಲೆ ಮೊಹರು ಹೊಡೆದಂತಿತ್ತು.

ಆದ್ದರಿಂದ ಈ ಬರಹವನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ. ಯುದ್ಧಕ್ಕೆ ಮುಂಚಿನ ಕಾಫಿಬಣ್ಣದ ರೇಶ್ಮೆ ದಾರದ ಉಂಡೆ ಯಾರ ಮನೆಯ ಹೊಲಿಗೆ ಪೆಟ್ಟಿಗೆಯಲ್ಲಾದರೂ ಉಳಿದಿದ್ದರೆ, ಅಥವಾ ಅದು ಎಲ್ಲಿ ಸಿಗುವುದೆಂದು, ಬೇರೆ ಬಣ್ಣದ ದಾರವನ್ನು ಅಷ್ಟೇ ಹಳೆಯದಾಗಿ ಕಾಣುವಂತೆ ಮಾಡುವುದು ಹೇಗೆಂದು ಬಲ್ಲವರಿದ್ದರೆ, ಸಂಕ್ರಮಣದ ಒಳಗೆ ಈ ಪತ್ರಿಕೆಯ ಸಂಪಾದಕರ ಮೂಲಕ ನನಗೆ ಒಂದು ಕಾರ್ಡು ಬರೆಯಬೇಕೆಂದು ಬೇಡುತ್ತೇನೆ. ಬ್ಯಾಂಕಿಗೆ ಬರೆಯಬೇಡಿ. ಹೆಸರುಗಳನ್ನೆಲ್ಲ ನಾನು ಮರೆಮಾಡಿದ್ದೇನೆ, ಇಲ್ಲವೆ ಬದಲಿಸಿದ್ದೇನೆ. ಬಣ್ಣವನ್ನು ಮಾತ್ರ ನಿಜವಾಗಿ ಹೇಳಿದ್ದೇನೆ, ಸುಳ್ಳು ಬಣ್ಣ ಹೇಳಿದರೆ ಸುಳ್ಳು ದಾರವೇ ಬಂದೀತು. ಇದು ಅಚ್ಚಾಗಿ, ವಿಜಾಪುರದ ಒಂದು ಮನೆಯಲ್ಲಿ, ಇಸ್ತ್ರಿಗೆ ಹೋದ ಕೋಟಿನ ದಾರಿ ಕಾಯುತ್ತಿರುವ ಒಬ್ಬ ತಾಯಿಯ ಕೈಗೆ ಸಿಕ್ಕರೆ ಏನು ಗತಿ? ಆ ಮನೆಗೆ ಈ ಪತ್ರಿಕೆ ಬರುತ್ತದೆಯೇ ಎಂದು ಸಾಹೇಬರನ್ನು ಕೇಳಬೇಕೆಂದು ನಿನ್ನೆ ಸಂಜೆ ಮರಳಿದ ಮೇಲೆ ಎರಡು ಸಲ ಅವರ ಮನೆಯ ಬಾಗಿಲವರೆಗೆ ಹೋಗಿ ಬಂದೆ. ಒಂದು ವೇಳೆ ತಾವೇ ಓದುತ್ತಿದ್ದರೆ, ತಾಯೀ, ಸಾಹೇಬರಿಗೆ ಏನೂ ಹೇಳಬೇಡಿ. ತಂದೆಯವರು ಕೋಟು ತಿರುವಿಸಿದಾಗ ಮಿಕ್ಕ ಆ ದಾರ ತಮ್ಮ ತವರಿನಲ್ಲಿ ಇನ್ನೂ ಇದ್ದರೆ, ನನಗೆ ಬರೆಯಿರಿ.